ಹದಿನೇಳನೇ ಸೈಟಿನ ಮಟ್ಟ

ನೀವು ಈಗ ಸೇರುತ್ತಿರುವ ಇಲಾಖೆಗೆ ನಾನು ಸೇರಿದ್ದು ಟ್ರೇಸರ್ ಆಗಿ. ಅಂದರೆ ಬೇರೆಯವರು ಬರೆದ ನಕ್ಷೆಯ ಮೇಲೆ ತೆಳು ಬಟ್ಟೆ ಹಾಸಿ, ಅವರ ತಪ್ಪುಗಳನ್ನೂ ಬಿಡದೆ, ಚೆಂದಾಗಿ ನಕಲು ತೆಗೆಯುವ ಕೆಲಸ. ಆಮೇಲೆ ಏನೇನೋ ಆದೆ. ಬಡ್ತಿಗಳ ಕಥೆ ಸೇವಾಪುಸ್ತಕದಲ್ಲಿದೆ, ಅದನ್ನು ಓದಿ ಯಾರಿಗೂ ಉಪಯೋಗವಿಲ್ಲ. ಹಾವೇರಿ ಜಿಲ್ಲೆಯಾಗಿ ಕೆಲವು ವರ್ಷ ಕಳೆದ ಮೇಲೆ ಅಲ್ಲಿಯ ನಗರ ಯೋಜನಾ ಕಚೇರಿಗೆ ಬಂದೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಮೂರೂ ಊರುಗಳು ಆಗ ಸುತ್ತಲಿನ ಹೊಲಗಳ ಮೇಲೆ ಕೈಕಾಲು ಚಾಚುತ್ತಿದ್ದವು. ಹೊಸ ಲೇಔಟಿನ ಅರ್ಜಿ ಬಂದರೆ ಹೋಗಿ ನೆಲ ನೋಡಿ, ಮಟ್ಟ ಅಳೆದು, ‘ಇಲ್ಲಿ ಮನೆ ಕಟ್ಟಲು ಅಡ್ಡಿಯಿಲ್ಲ’ ಎಂದು ಬರೆದು ಸಹಿ ಮಾಡುವುದು ನನ್ನ ಪಾಲಿನ ಕೆಲಸ. ಆ ಒಂದು ಸಾಲನ್ನು ನಾನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಬರೆಯುವ ಮೊದಲು ಎರಡು ಸಲ ಯೋಚಿಸಬೇಕು ಎಂದು ಗೊತ್ತಾಗಲು ಮಾತ್ರ ಬಹಳ ವರ್ಷ ಬೇಕಾಯಿತು.

ದಿನಾ ಹತ್ತಿರದ ನನ್ನೂರು ಅಗಡಿಯಿಂದ ಬಸ್ಸಿಗೆ ಬರುತ್ತಿದ್ದೆ. ಸೀರೆ ಉಟ್ಟ ಹೆಂಗಸು ನೆಲದ ಏರುತಗ್ಗು ಅಳೆಯುವ ಡಂಪಿ ಲೆವೆಲ್ಲಿನ ದುರ್ಬೀನಿಗೆ ಕಣ್ಣಿಟ್ಟು ನಿಂತರೆ ಸುತ್ತ ಜಾತ್ರೆ ನೆರೆಯುತ್ತಿತ್ತು. ನೆರೆದವರನ್ನು ಗದರಿಸಿ ಗದರಿಸಿ ನನ್ನ ದನಿ ದೊಡ್ಡದಾಯಿತು, ಸಿಟ್ಟು ಮೂಗಿನ ತುದಿಗೆ ಬಂತು. ಅಳತೆಪಟ್ಟಿ ಹಿಡಿದು ಎದುರು ನಿಲ್ಲುವವನು ನಿಂಗಪ್ಪ, ನನಗಿಂತ ಹತ್ತು ವರ್ಷ ದೊಡ್ಡವನು. ನಾನು ಎಷ್ಟೇ ಒದರಿದರೂ ಅವನು ‘ಹೌದ್ರಿ ಬಾಯಾರ’ ಎಂದು ತನಗೆ ಸರಿಕಂಡಲ್ಲೇ ಪಟ್ಟಿ ಇಡುತ್ತಿದ್ದ, ಬಹಳ ಸಲ ಅವನು ಇಟ್ಟದ್ದೇ ಸರಿಯಾಗಿರುತ್ತಿತ್ತು.

ನಮ್ಮ ಮೇಲಧಿಕಾರಿಯನ್ನು ಇಲ್ಲಿ ಸಾಹೇಬರು ಎಂದಷ್ಟೇ ಕರೆಯುತ್ತೇನೆ. ಧಾರವಾಡ ಕಡೆಯವರು, ಒಣಕಲು ಆಳು, ಒಡಕು ದನಿ. ಎಂಥ ದಪ್ಪ ಫೈಲು ಕೊಟ್ಟರೂ ಬಿಚ್ಚುವ ಮೊದಲು ಒಂದೇ ಪ್ರಶ್ನೆ ಕೇಳುತ್ತಿದ್ದರು. “ಮಳಿ ಬಂದ್ರ ಈ ಜಾಗಾಕ್ಕ ನೀರು ಎಲ್ಲಿಂದ ಬರತದ, ಎಲ್ಲಿಗೆ ಹೋಗತದ?” ತಡವರಿಸಿದರೆ ಫೈಲು ವಾಪಸ್ಸು. ಕಾಗದ ಓದದೆ ಕಳಿಸುತ್ತಾರಲ್ಲ ಎಂದು ನಾವೆಲ್ಲ ಹಿಂದಿನಿಂದ ಬೈದುಕೊಳ್ಳುತ್ತಿದ್ದೆವು. ಆ ಪ್ರಶ್ನೆಯ ತೂಕ ನನಗೆ ಮೊದಲು ತಿಳಿದದ್ದು ರಾಣೆಬೆನ್ನೂರಿನಲ್ಲಿ.

ಅಲ್ಲಿ ಒಂದು ಬಡಾವಣೆಗೆ ಬಂದು ನೋಡಿರೆಂದು ನಗರಸಭೆಯಿಂದ ಫೋನು ಬಂತು. ಹಿಂದಿನ ದಿನ ದೊಡ್ಡ ಮಳೆಯಾಗಿತ್ತು. ಆ ಬಡಾವಣೆ ನನಗಿಂತ ಮೊದಲೇ ಮಂಜೂರಾದದ್ದು, ಡಾಂಬರು ರಸ್ತೆ, ಎರಡು ಅಂತಸ್ತಿನ ಮನೆಗಳು, ಗೇಟಿಗೊಂದು ಕಬ್ಬಿಣದ ನವಿಲು. ಹೋಗುವಾಗ ಹಳೆಯ ಗ್ರಾಮ ನಕಾಶೆಯ ಪ್ರತಿ ಒಯ್ದಿದ್ದೆ. ಅದರಲ್ಲಿ ಆ ಜಾಗದಲ್ಲಿ ಹೊಲಗಳ ನಡುವೆ ಎರಡು ಗೆರೆ ಹಾವಿನಂತೆ ಸಾಗುತ್ತವೆ, ನಡುವೆ ಸಣ್ಣಕ್ಷರದಲ್ಲಿ ‘ಹಳ್ಳ’ ಎಂದು ಬರೆದಿದೆ. ಹಳ್ಳವನ್ನು ಮಣ್ಣು ಹಾಕಿ ಸಮ ಮಾಡಿ ಎಷ್ಟೋ ವರ್ಷವಾಗಿತ್ತು. ಅಲ್ಲಿ ಬೆಳೆದ ಮಕ್ಕಳಿಗೆ ಅಂಥದ್ದೊಂದು ಇತ್ತೆಂದು ಗೊತ್ತೇ ಇರಲಿಲ್ಲ.

ನೀರು ಇನ್ನೂ ಹರಿಯುತ್ತಿತ್ತು. ನಾನು ನಕಾಶೆ ಬಿಚ್ಚಿ ಹಿಡಿದು ನಿಂತೆ. ನಕಾಶೆಯಲ್ಲಿ ಗೆರೆ ಎಡಕ್ಕೆ ತಿರುಗುವಲ್ಲಿ ನೀರೂ ಎಡಕ್ಕೆ ತಿರುಗಿತ್ತು. ಗೆರೆ ಅಗಲವಾಗುವಲ್ಲಿ ನೀರೂ ಅಗಲವಾಗಿ ಒಬ್ಬ ಮಾಸ್ತರರ ಮನೆಯ ಮುಂಬಾಗಿಲಿನಿಂದ ಹೊಕ್ಕು, ದೇವರ ಕೋಣೆ ದಾಟಿ, ಹಿತ್ತಿಲ ಬಾಗಿಲಿನಿಂದ ಹೊರಟಿತ್ತು. ಪಕ್ಕದ ಮನೆ ಗೆರೆಯಿಂದ ನಾಲ್ಕು ಮಾರು ಆಚೆಗಿತ್ತು, ಅದರ ಅಂಗಳದ ರಂಗೋಲಿ ಕೂಡ ಅಳಿಸಿರಲಿಲ್ಲ. ಯಾರೋ ನೂರು ವರ್ಷದ ಹಿಂದೆ ಬಟ್ಟೆಯ ಮೇಲೆ ಎಳೆದ ಗೆರೆಯನ್ನು ನೀರು ಇಷ್ಟು ನಿಯತ್ತಾಗಿ ಪಾಲಿಸುತ್ತಿರುವುದನ್ನು ಕಂಡು ನನಗೆ ಮೈ ಜುಮ್ಮೆಂದಿತು. ಹೆದರಿಕೆಯೂ ಆಯಿತು, ಕೈ ಮುಗಿಯಬೇಕು ಎಂದೂ ಅನಿಸಿತು. ಮಾಸ್ತರರ ಹೆಂಡತಿ ಒದ್ದೆ ಹಾಸಿಗೆ ಹಿಂಡುತ್ತ, “ಮನಿ ಕಟ್ಟುಮುಂದ ಯಾರರ ಒಬ್ರು ಹೇಳಬಾರದಿತ್ತಾ ಬಾಯಾರ?” ಎಂದರು. ನಾನು ನಕಾಶೆ ಮಡಚಿದೆ. ಹೇಳಬೇಕಾಗಿದ್ದದ್ದು ನನ್ನ ಕಚೇರಿಯೇ.

ಅಲ್ಲಿಂದ ಮೇಲೆ ನಾನು ಬಹಳ ಜಾಗರೂಕಳಾದೆ, ಜೊತೆಗೆ ಬಹಳ ಜಂಬವೂ ಬಂತು. ಹಳೆಯ ನಕಾಶೆ ನೋಡದೆ ಒಂದು ಸಹಿಯನ್ನೂ ಹಾಕುತ್ತಿರಲಿಲ್ಲ. ಇನ್ನು ನನ್ನ ಕೈಯಿಂದ ತಪ್ಪಾಗುವುದು ಸಾಧ್ಯವಿಲ್ಲ ಎಂಬ ಧೈರ್ಯದಲ್ಲೇ ಬ್ಯಾಡಗಿಯ ಕೆಲಸ ಕೈಗೆ ತೆಗೆದುಕೊಂಡೆ.

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಚೀಲ ಹೊರುವ ಹಮಾಲರಿಗೂ ತೊಟ್ಟು ಬಿಡಿಸುವ ಹೆಣ್ಣುಮಕ್ಕಳಿಗೂ ಮನೆ ಕಟ್ಟಿಕೊಡುವ ಯೋಜನೆ ಬಂದಿತ್ತು. ಊರ ಹೊರಗೆ ಕೆರೆಯ ಕೆಳಗಿನ ಒಂದು ಬಯಲನ್ನು ಆರಿಸಿದ್ದರು. ಸುಗ್ಗಿಯಲ್ಲಿ ಅಲ್ಲಿ ಮೆಣಸಿನಕಾಯಿ ಒಣಹಾಕುತ್ತಿದ್ದರು, ಇಡೀ ಬಯಲು ಕೆಂಪಗೆ ಹಾಸಿರುತ್ತಿತ್ತು, ದಾಟುವಾಗ ಮೂಗು ಕಣ್ಣು ಎರಡೂ ಸುರಿಯುತ್ತಿದ್ದವು. ನಾನು ನೋಡಬೇಕಾದದ್ದು ಒಂದೇ ಪ್ರಶ್ನೆ. ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಈ ಬಯಲಿಗೆ ಬರುತ್ತದೆಯೇ, ಇಲ್ಲವೇ?

ಅದಕ್ಕೆ ಎರಡು ಮಟ್ಟಗಳು ಬೇಕು, ಕೋಡಿಯದೊಂದು, ಬಯಲಿನದೊಂದು. ಕೋಡಿಯ ಮಟ್ಟ ನೀರಾವರಿಯವರ ಹಳೆಯ ಕಡತದಲ್ಲಿ ಬರೆದಿತ್ತು. ಕೋಡಿಯ ಸುತ್ತ ಜಾಲಿ ಮುಳ್ಳು ಕವಿದುಕೊಂಡಿತ್ತು, ಏಪ್ರಿಲ್ ಬಿಸಿಲು ಬೇರೆ. ಒಳಗೆ ನುಗ್ಗಿ ಅಳೆಯುವ ಬದಲು ಕಡತದ ಅಂಕಿಯನ್ನೇ ತೆಗೆದುಕೊಂಡೆ. ಬಯಲಿನ ಮಟ್ಟಕ್ಕೆ, ಅದೇ ಕಡತದಲ್ಲಿ ಎತ್ತರ ಬರೆದಿಟ್ಟಿದ್ದ ಗುರುತಿನ ಕಲ್ಲಿನಿಂದ ಹೊರಡಬೇಕಿತ್ತು. ಬಾಣದ ಗುರುತು ಕೆತ್ತಿದ ಆ ಕಲ್ಲು ಮೋಟೆಬೆನ್ನೂರಿನ ಹತ್ತಿರ ಹೆದ್ದಾರಿಯ ಒಂದು ಮೋರಿಯ ಗೋಡೆಯಲ್ಲಿತ್ತು. ನಿಂಗಪ್ಪನೂ ನಾನೂ ಹೋಗಿ ನೋಡಿದರೆ ಕಲ್ಲು ಗಟ್ಟಿಯಾಗಿ ಕೂತಿದೆ, ಬಾಣದ ಗುರುತಿಗೆ ಯಾರೋ ಅರಿಸಿನ ಕುಂಕುಮ ಹಚ್ಚಿದ್ದಾರೆ. ನಮಗೂ ಖುಷಿಯಾಯಿತು. ಅಲ್ಲಿಂದ ಬ್ಯಾಡಗಿಯ ಬಯಲಿನ ತನಕ ಮೆಟ್ಟಿಲು ಮೆಟ್ಟಿಲಾಗಿ ಮಟ್ಟ ಒಯ್ದೆವು, ಮತ್ತೆ ಅದೇ ಕಲ್ಲಿಗೆ ವಾಪಸ್ಸು ಬಂದು ತಾಳೆ ನೋಡಿದೆವು. ಒಂದು ದಾರದಷ್ಟೂ ವ್ಯತ್ಯಾಸವಿಲ್ಲ. ನಿಂಗಪ್ಪನಿಗೆ ಆ ಸಂತೋಷಕ್ಕೆ ಮಿರ್ಚಿ ಭಜಿ ಕೊಡಿಸಿದೆ.

ನನ್ನ ಲೆಕ್ಕದಲ್ಲಿ ಬಯಲಿನ ತೀರ ತಗ್ಗಾದ ಮೂಲೆ ಕೂಡ ಕೋಡಿಗಿಂತ ಎರಡು ಅಡಿ ಎತ್ತರವಿತ್ತು. ಅಡ್ಡಿಯಿಲ್ಲ ಎಂದು ಬರೆದೆ, ಸಾಹೇಬರ ಪ್ರಶ್ನೆಗೆ ಎದೆಯುಬ್ಬಿಸಿ ಉತ್ತರ ಹೇಳಿದೆ, ಮಂಜೂರಾಯಿತು. ಭೂಮಿಪೂಜೆಗೆ ದಿನ ಗೊತ್ತಾಯಿತು. ಯಾರಿಗೆ ಯಾವ ಸೈಟು ಎಂಬ ಪಟ್ಟಿಯನ್ನು ಪುರಸಭೆಯ ಗೋಡೆಗೆ ಅಂಟಿಸಿದರು.

ಸುಣ್ಣದ ಗೆರೆ ಎಳೆದು ಸೈಟು ಗುರುತು ಮಾಡುತ್ತಿದ್ದ ದಿನ ಒಬ್ಬ ಹೆಂಗಸು ಬಂದು ಸುಮ್ಮನೆ ನಿಂತಳು. ಐವತ್ತರ ಮೇಲಿನ ವಯಸ್ಸು, ಮೆಣಸಿನಕಾಯಿ ಹಿಡಿದು ಹಿಡಿದು ಬೆರಳ ತುದಿಗಳು ಕೆಂಪಾಗಿದ್ದವು. ಹೆಸರು ಫಕ್ಕೀರವ್ವ. ಗಂಡ ತೀರಿಕೊಂಡಿದ್ದ, ಪೇಟೆಯ ಹಿಂದೆ ಬಾಡಿಗೆಯ ಒಂದು ತಗಡಿನ ಖೋಲಿಯಲ್ಲಿ ಒಬ್ಬಳೇ ಇದ್ದಳು. ಪಟ್ಟಿಯಲ್ಲಿ ಅವಳದು ಹದಿನೇಳನೇ ಸೈಟು. ಅದು ಇದ್ದದ್ದು ನಾನು ಹೇಳಿದ ಆ ತಗ್ಗಿನ ಮೂಲೆಯಲ್ಲಿ.

“ಬಾಯಾರ, ಒಂದ್ ಮಾತ ಹೇಳಲ್ರಿ? ಈ ಮೂಲ್ಯಾಗ ನಾವು ಕಾಯಿ ಹಾಕಂಗಿಲ್ರಿ.”

“ಯಾಕ?”

“ನೆಲ ಹಸಿ ಬಿಡತೈತ್ರಿ. ನಾ ಮದುವಿಯಾಗಿ ಬಂದ ವರ್ಷ ಕೆರಿ ಕೋಡಿ ಬಿದ್ದು ಇಲ್ಲಿ ನೀರು ನಿಂತಿತ್ರಿ. ನಾ ಕಣ್ಣಾರೆ ನೋಡೇನಿ.”

ನನಗೆ ಸಿಟ್ಟು ಬಂತು. ಬಿಸಿಲು ನೆತ್ತಿಗೇರಿತ್ತು. “ಮೋಟೆಬೆನ್ನೂರಿಂದ ಇಲ್ಲೀ ತನಕ ನಡಕೊಂತ ಅಳದೇನಿ, ವಾಪಸ್ ಹೋಗಿ ತಾಳೆ ನೋಡೇನಿ. ನನ್ನ ಲೆವೆಲ್ಲು ಸುಳ್ಳ ಹೇಳತೈತೇನು?” ಎಂದೆ.

ಅವಳು ಬೇಸರ ಮಾಡಿಕೊಳ್ಳಲಿಲ್ಲ. “ಅದರ ಬಗ್ಗೆ ನನಗೇನ ತಿಳಿತೈತ್ರಿ? ನಾಳೆ ಬಿಸಲು ಏರೂದ್ರಾಗ ಒಮ್ಮೆ ಬರ್ರಿ ಅಷ್ಟ” ಎಂದು ಹೋದಳು.

ಹೋಗಬಾರದು ಎಂದುಕೊಂಡೇ ಮರುದಿನ ಮೊದಲ ಬಸ್ಸು ಹತ್ತಿದೆ. ಫಕ್ಕೀರವ್ವ ಹಿಂದಿನ ಸಂಜೆ ಬಯಲಿನ ಮೇಲ್ಬದಿಗೆ ಒಂದು ಹಿಡಿ, ಹದಿನೇಳನೇ ಸೈಟಿನಲ್ಲಿ ಒಂದು ಹಿಡಿ ಕಾಯಿ ಹರಡಿ ಹೋಗಿದ್ದಳಂತೆ. ಮೇಲಿನ ಕಾಯಿಯನ್ನು ಹಿಡಿಯಲ್ಲಿ ತುಂಬಿಕೊಂಡು ನನ್ನ ಕಿವಿಯ ಹತ್ತಿರ ಅಲುಗಿಸಿದಳು, ಒಳಗಿನ ಬೀಜ ಗಲಗಲ ಎಂದಿತು. ಮೂಲೆಯ ಕಾಯಿಯನ್ನು ಅಲುಗಿಸಿದಳು, ಸದ್ದೇ ಇಲ್ಲ. ಬೆರಳಿಗೆ ಮೆತ್ತಗೆ ಹತ್ತಿತು. ಒಂದೇ ಚೀಲದ ಕಾಯಿ, ನಡುವೆ ಇದ್ದದ್ದು ನೂರು ಹೆಜ್ಜೆ.

ಆಮೇಲೆ ಬರಿಗಾಲಲ್ಲಿ ನಡೆಯತೊಡಗಿದಳು. “ಇಲ್ಲಿಂದ ಇಳೀತೈತಿ... ಇಲ್ಲಿ ಸಮ ಐತಿ... ಇಲ್ಲಿ ಮತ್ತ ಬಟ್ಟಲಾಗತೈತಿ ನೋಡ್ರಿ” ಎಂದು ಹೇಳುತ್ತ ಹೋದಳು. ನನ್ನ ಕಣ್ಣಿಗೆ ಇಡೀ ಬಯಲು ರೊಟ್ಟಿಯಂತೆ ಚಪ್ಪಟೆಯಾಗಿತ್ತು. ನಾನು ಸಮಮಟ್ಟದ ಗೆರೆಗಳ ನಕ್ಷೆ ಬಿಚ್ಚಿ ಅವಳ ಹಿಂದೆ ನಡೆದೆ. ಅವಳು ಇಳಿಯುತ್ತದೆ ಎಂದಲ್ಲಿ ನನ್ನ ಗೆರೆ ಇಳಿದಿತ್ತು, ಸಮ ಎಂದಲ್ಲಿ ಗೆರೆಗಳು ದೂರ ಸರಿದಿದ್ದವು, ಬಟ್ಟಲು ಎಂದಲ್ಲಿ ಗೆರೆ ದುಂಡಗೆ ಸುತ್ತಿಕೊಂಡಿತ್ತು. ಎರಡು ವಾರ ದುರ್ಬೀನು ನೋಡಿ, ಒಂದು ವಾರ ಲೆಕ್ಕ ಹಾಕಿ ನಾನು ಬರೆದ ನಕ್ಷೆಯನ್ನು ಅವಳು ಹದಿನೈದು ನಿಮಿಷದಲ್ಲಿ ಕಾಲಿನಿಂದ ಬರೆದು ತೋರಿಸಿದ್ದಳು. ಕೆಲಸಕ್ಕೆ ಸೇರಿ ಅಷ್ಟು ವರ್ಷವಾದ ಮೇಲೆ ಮೊದಲ ಸಲ ನಾನು ಬಾಯಿ ಮುಚ್ಚಿಕೊಂಡು ಒಬ್ಬರ ಹಿಂದೆ ನಡೆದೆ.

ಆಗಲೇ ಇನ್ನೊಂದು ವಿಷಯ ಹೊಳೆಯಿತು. ನೆಲದ ಆಕಾರದಲ್ಲಿ ನಾವಿಬ್ಬರೂ ಒಂದೇ ಮಾತು ಹೇಳುತ್ತಿದ್ದೇವೆ. ಹಾಗಾದರೆ ಕೋಡಿಯ ನೀರು ಇಲ್ಲಿ ನಿಂತಿತ್ತೆಂದು ಅವಳು ಹೇಳುವುದೂ ನಿಜವೇ ಇರಬೇಕು. ಅದು ನಿಜವಾದರೆ ನನ್ನ ಲೆಕ್ಕದ ಬುಡವೇ ಸರಿಯಿಲ್ಲ.

“ಫಕ್ಕೀರವ್ವ, ನೀ ಹೇಳಿದ್ದು ಖರೇ ಆದ್ರ ಈ ಜಾಗ ರದ್ದಾಗತೈತಿ. ನಿನಗ ಮತ್ತೊಂದು ಸೈಟು ಸಿಕ್ಕೇ ಸಿಗತೈತಿ ಅಂತ ನಾ ಹೇಳಾಕಾಗಂಗಿಲ್ಲ” ಎಂದೆ.

“ಗೊತ್ತೈತ್ರಿ. ಪಟ್ಟಿ ಹಚ್ಚಿದಾಗಿಂದ ಅದನ್ನ ಇಚಾರ ಮಾಡಾಕತ್ತೇನಿ. ಬಾಯಿ ಮುಚಗೊಂಡಿದ್ರ ಮನಿ ಸಿಗತಿತ್ತು. ಆದ್ರ ಶಾಂತವ್ವಗ ಹದಿನೆಂಟು ಬಂದೈತ್ರಿ. ಆಕೀಗ ಮೂರು ತಿಂಗಳ ಕೂಸೈತಿ. ಆಕಿ ಹೊಸಬಳು, ಆಕೀಗ ಈ ನೆಲ ಗೊತ್ತಿಲ್ಲ. ನನಗ ಗೊತ್ತೈತಲ್ರಿ.”

ಶಾಂತವ್ವ ಅವಳ ಪಕ್ಕದಲ್ಲಿ ಕೂತು ತೊಟ್ಟು ಬಿಡಿಸುವ ಹುಡುಗಿ, ಅಷ್ಟೇ. ನೆಂಟಳೂ ಅಲ್ಲ.

ಕಡತವನ್ನೂ ಮೋಟೆಬೆನ್ನೂರಿನ ಕಲ್ಲನ್ನೂ ಪಕ್ಕಕ್ಕಿಟ್ಟು, ಕೋಡಿಯಿಂದ ಬಯಲಿಗೆ ನೇರವಾಗಿ ಅಳೆಯುವುದೆಂದು ನಿಶ್ಚಯಿಸಿದೆ. ಲೆವೆಲ್ಲು ಹಾವೇರಿಯ ಕಪಾಟಿನಲ್ಲಿತ್ತು. ಅದನ್ನು ತರುವಷ್ಟೂ ತಾಳ್ಮೆ ಇರಲಿಲ್ಲ. ಮನೆ ಕಟ್ಟುವ ಗೌಂಡಿಗಳು ಪಾಯ ಸಮ ನೋಡಲು ನೀರು ತುಂಬಿದ ಪಾರದರ್ಶಕ ಪೈಪು ಬಳಸುತ್ತಾರೆ, ನೋಡಿರಬಹುದು. ಎರಡು ತುದಿಯಲ್ಲೂ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ, ಅದಕ್ಕೆ ಕಣ್ಣೂ ಬೇಡ, ಕಲ್ಲೂ ಬೇಡ. ಅಂಥದ್ದೊಂದನ್ನು ಇಸಿದುಕೊಂಡು ಬಂದೆವು. ಅಷ್ಟರಲ್ಲಿ ಸೈಟು ಗುರುತಿನ ಕೆಲಸಕ್ಕೆ ಬಂದಿದ್ದ ನಿಂಗಪ್ಪ ಕುಡಗೋಲು ಹಿಡಿದು ಜಾಲಿ ಕಡಿದ. ಫಕ್ಕೀರವ್ವನೂ ಅವಳ ಜೊತೆಯ ನಾಲ್ವರು ಹೆಣ್ಣುಮಕ್ಕಳೂ ಗೂಟ ಹಿಡಿದರು. ಕೋಡಿಯ ಕಲ್ಲಿನಿಂದ ಹೊರಟು ಗೂಟದಿಂದ ಗೂಟಕ್ಕೆ ನೀರಿನ ಮಟ್ಟ ದಾಟಿಸುತ್ತ ಬಂದೆವು. ಸೂರ್ಯ ಇಳಿಯುವ ಹೊತ್ತಿಗೆ ಹದಿನೇಳನೇ ಸೈಟಿನಲ್ಲಿ ಕೊನೆಯ ಗೂಟ ನೆಟ್ಟು, ಪೈಪಿನ ನೀರು ನಿಂತಲ್ಲಿ ಸುಣ್ಣದಿಂದ ಗೆರೆ ಹಾಕಿದೆ. ಗೆರೆ ನೆಲದಿಂದ ಒಂದು ಅಡಿ ಮೇಲೆ ಬಿತ್ತು. ಅಂದರೆ ಕೋಡಿಯೇ ಎತ್ತರ, ನೆಲವೇ ತಗ್ಗು. ನನ್ನ ಲೆಕ್ಕ ಮೂರು ಅಡಿ ತಪ್ಪಾಗಿತ್ತು.

ಸುಣ್ಣದ ಗೆರೆಗಳ ನಡುವೆ ಆ ಐದು ಜನ ಹೆಣ್ಣುಮಕ್ಕಳು ತಮ್ಮ ತಮ್ಮ ಸೈಟಿನ ಕಡೆ ನೋಡುತ್ತ ನಿಂತಿದ್ದರು. ಐವರ ಹೆಸರೂ ಪಟ್ಟಿಯಲ್ಲಿತ್ತು.

ಮರುದಿನ ಸಾಹೇಬರ ಮುಂದೆ ನಿಂತು, ನನ್ನ ಮಟ್ಟ ತಪ್ಪಿದೆ, ಮಂಜೂರಾತಿ ತಡೆಯಬೇಕು ಎಂದು ಬರೆದ ಕಾಗದ ಇಟ್ಟೆ. ಭೂಮಿಪೂಜೆಗೆ ನಾಲ್ಕು ದಿನ ಉಳಿದಿತ್ತು, ಆಮಂತ್ರಣ ಪತ್ರಿಕೆ ಅವರ ಮೇಜಿನ ಮೇಲೇ ಇತ್ತು. ಅವರು ಕಾಗದವನ್ನು ಎರಡು ಸಲ ಓದಿ, “ಹೆಂಗ ತಪ್ಪಿತು?” ಎಂದರು. ಗೊತ್ತಿಲ್ಲ ಎಂದೆ. “ಗೊತ್ತಿಲ್ಲದ ತಪ್ಪು ಇನ್ನೊಮ್ಮೆ ಆಗತದ. ನಡೀರಿ, ಆ ಕಲ್ಲು ನೋಡೋಣು” ಎಂದು ಎದ್ದೇಬಿಟ್ಟರು.

ಮೋಟೆಬೆನ್ನೂರಿನ ಮೋರಿಯ ಹತ್ತಿರದ ಚಹಾದಂಗಡಿಯಲ್ಲಿ ಕೇಳಿದಾಗ, ಮೋರಿ ಕಟ್ಟಿದ ಗೌಂಡಿ ಮೌಲಾಸಾಬ ಇದೇ ಊರಿನವನೆಂದು ತಿಳಿಯಿತು. ಕರೆಸಿದೆವು. ಬಿಳಿ ಗಡ್ಡದ ಮುದುಕ ಕಲ್ಲನ್ನು ತೋರಿಸುತ್ತಲೇ ಮುಖ ಅರಳಿಸಿದ.

“ಇದನ್ನ ನಾನ ಉಳಿಸೇನ್ರಿ ಸಾಹೇಬ್ರ! ರಸ್ತೆ ಅಗಲ ಮಾಡುಮುಂದ ಹಳೇ ಮೋರಿ ಒಡದ್ರು. ಇದು ಮ್ಯಾಲಿನ ಕಟ್ಟಿಮ್ಯಾಲೆ ಇತ್ರಿ. ಮಷಿನ್ನಿನವ ಪುಡಿ ಮಾಡತಿದ್ದ, ನಾ ಅಡ್ಡ ನಿಂತ್ನಿ. ಸರ್ಕಾರದ ಗುರ್ತು ಐತಿ, ಒಡಿಬ್ಯಾಡ್ರಿ ಅಂದ್ನಿ. ಜ್ವಾಕಿಲೆ ತಗದು, ಹೊಸಾ ಗ್ವಾಡ್ಯಾಗ ಸಿಮಿಟ್ ಹಾಕಿ, ಗುರ್ತು ಎಲ್ಲಾರಿಗೂ ಕಾಣೂವಂಗ ಕೂಡಿಸೇನಿ. ಊರಾಗಿನ ಹೆಣ್ಣಮಕ್ಕಳು ದೇವ್ರಂತ ಕುಂಕುಮ ಹಚ್ಚತಾರ.”

“ಮ್ಯಾಲಿದ್ದದ್ದನ್ನ ಕೆಳಗ್ಯಾಕ ಕೂಡಿಸಿದಿಪ್ಪ?” ಎಂದರು ಸಾಹೇಬರು.

“ಮ್ಯಾಲೆ ಇಟ್ರ ಲಾರಿ ಬಡದು ಒಡೀತೈತಲ್ರಿ!”

ಸಾಹೇಬರು ಕಲ್ಲಿನಿಂದ, ಅವನು ಕೈ ಎತ್ತಿ ತೋರಿಸಿದ ಹಳೆಯ ಕಟ್ಟೆಯ ಮಟ್ಟದ ತನಕ ಅಳೆದರು. ಸರಿಯಾಗಿ ಮೂರು ಅಡಿ. ಕಲ್ಲು ಇಳಿದಿತ್ತು, ಕಡತದ ಅಂಕಿ ಇಳಿದಿರಲಿಲ್ಲ, ಅದಕ್ಕೇ ನನ್ನ ಲೆಕ್ಕದಲ್ಲಿ ಬಯಲು ಮೂರು ಅಡಿ ಮೇಲೆದ್ದಿತ್ತು. ಕಲ್ಲು ಸುಳ್ಳು ಹೇಳಿರಲಿಲ್ಲ, ಮೌಲಾಸಾಬ ಮೋಸ ಮಾಡಿರಲಿಲ್ಲ. ಎಲ್ಲರೂ ಅದನ್ನು ಪ್ರೀತಿಯಿಂದ ಕಾಪಾಡಿದ್ದರು. ನಾನು ಹೊರಟ ಕಲ್ಲಿಗೇ ವಾಪಸ್ಸು ಬಂದು ತಾಳೆ ನೋಡಿದ್ದರಿಂದ ತಪ್ಪು ತಾಳೆಯಾಗಿಯೇ ಬಂದಿತ್ತು. ಎರಡನೆಯ ಗುರುತೊಂದನ್ನು ನೋಡಿದ್ದರೆ ಅರ್ಧ ದಿನದಲ್ಲಿ ತಿಳಿಯುತ್ತಿತ್ತು. ನೋಡಲಿಲ್ಲ, ಜಂಬ ಬಿಡಲಿಲ್ಲ.

ಜೀಪು ಹತ್ತಿದ ಮೇಲೆ ಸಾಹೇಬರು, “ಇಷ್ಟು ಭಕ್ತಿಯಿಂದ ನಮ್ಮನ್ನ ಮುಳುಗಿಸಿದವರನ್ನ ನಾ ನೋಡೇ ಇಲ್ಲ” ಎಂದು ಜೋರಾಗಿ ನಕ್ಕರು. ಕಚೇರಿಗೆ ಬಂದು ನನಗೆ ಮೆಮೊ ಕೊಟ್ಟರು. ಅದೇ ಸಂಜೆ ಬಯಲಿನ ಮಂಜೂರಾತಿ ರದ್ದು ಮಾಡುವ ಕಾಗದಕ್ಕೂ ಸಹಿ ಹಾಕಿದರು. ಆಮೇಲೆ ಬಂದ ಫೋನುಗಳಲ್ಲಿ ಅವರು ಕೇಳಬೇಕಾಗಿ ಬಂದ ಬೈಗುಳಗಳು ಎಂಥವೆಂದು ಪಕ್ಕದ ಕೋಣೆಯಲ್ಲಿದ್ದ ನನಗೆ ಗೊತ್ತು. ಒಂದು ಕರೆಯಲ್ಲೂ ಅವರು ನನ್ನ ಹೆಸರು ಹೇಳಲಿಲ್ಲ.

ಬೇರೆ ಜಾಗ ಸಿಗಲು ಒಂದು ವರ್ಷ ಹಿಡಿಯಿತು. ಬಯಲಿನ ಆಚೆಗೆ ಇದ್ದ, ಕಲ್ಲು ಬೆರೆತ ಗಟ್ಟಿ ಮಣ್ಣಿನ ಗರಸಿನ ದಿಬ್ಬ. ಪೇಟೆಗೆ ಸ್ವಲ್ಪ ದೂರ, ಜಾಗವೂ ಸಣ್ಣದು. ಈ ಸಲ ಕೋಡಿಯನ್ನೂ ಅಳೆದೆ, ದಿಬ್ಬವನ್ನೂ ಅಳೆದೆ, ರೈಲು ನಿಲ್ದಾಣದ ಹಳದಿ ಫಲಕದಲ್ಲಿ ಬರೆದ ಎತ್ತರಕ್ಕೂ ತಾಳೆ ನೋಡಿದೆ, ಕೊನೆಗೆ ಫಕ್ಕೀರವ್ವನನ್ನೂ ನಡೆಸಿ ನೋಡಿದೆ. “ಇಲ್ಲಿ ಎಲ್ಲಿ ಬೇಕಾದಲ್ಲಿ ಕಾಯಿ ಹಾಕಬಹುದ್ರಿ” ಎಂದಳು. ನನ್ನ ವರದಿಯಲ್ಲಿ ಆ ಮಾತನ್ನು ಹಾಗೆಯೇ ಬರೆದೆ. ಸಾಹೇಬರು ಅದರ ಕೆಳಗೆ ಗೆರೆ ಎಳೆದರು.

ಸೈಟು ಕಡಿಮೆ, ಹೆಸರು ಹೆಚ್ಚು. ಜಗಳ ಬೇಡವೆಂದು ಎಲ್ಲರ ಮುಂದೆ ಚೀಟಿ ಎತ್ತಿದರು. ಶಾಂತವ್ವನ ಚೀಟಿ ಬಂತು. ಫಕ್ಕೀರವ್ವನದು ಬರಲಿಲ್ಲ. ನಾನು ಅವಳಿಗಾಗಿ ಅರ್ಜಿ ಬರೆದೆ, ಒಬ್ಬರ ನಂತರ ಒಬ್ಬರ ಮುಂದೆ ನಿಂತೆ, ಸಾಹೇಬರೂ ಹೇಳಿ ನೋಡಿದರು. ಚೀಟಿ ಎತ್ತಿದ ಮೇಲೆ ಏನೂ ಮಾಡಲು ಬರುವುದಿಲ್ಲ ಎಂಬ ಒಂದೇ ಉತ್ತರ. ಮುಂದಿನ ಪಟ್ಟಿಯಲ್ಲೂ ಅವಳ ಹೆಸರು ಬರಲಿಲ್ಲ. ಅವಳನ್ನು ಪೇಟೆಯಲ್ಲಿ ಕಂಡರೆ ನಾನು ಬೇರೆ ಓಣಿ ಹಿಡಿಯುತ್ತಿದ್ದೆ, ಇದನ್ನು ಹೇಳಲು ಈಗಲೂ ನಾಚಿಕೆಯಾಗುತ್ತದೆ.

ನೀವು ಈಗ ಉಪಗ್ರಹದ ಚಿತ್ರ ನೋಡುತ್ತೀರಿ, ಕೂತಲ್ಲೇ ಇಡೀ ಊರಿನ ಮಟ್ಟ ಕಂಪ್ಯೂಟರಿನಲ್ಲಿ ಬಣ್ಣ ಬಣ್ಣವಾಗಿ ಬರುತ್ತದೆ. ಮೊದಲ ಸಲ ನೋಡಿದಾಗ ನಾನೂ ಕಣ್ಣು ಬಿಟ್ಟುಕೊಂಡು ಕೂತಿದ್ದೆ. ಅದನ್ನು ಖಂಡಿತ ಬಳಸಿ. ಬಳಸಿದ ಮೇಲೆ ಆ ನೆಲದ ಮೇಲೆ ಕೆಲಸ ಮಾಡುವ ಒಬ್ಬರನ್ನಾದರೂ ಹುಡುಕಿ, ಅವರ ಹಿಂದೆ ಒಂದು ಸುತ್ತು ನಡೆಯಿರಿ.

ಕೆರೆ ಕೋಡಿ ಬಿದ್ದದ್ದು ಕೆಲವು ವರ್ಷಗಳ ಮೇಲೆ. ಮೂರು ದಿನ ಬಿಡದೆ ಮಳೆ ಸುರಿದು ನಾಲ್ಕನೆಯ ಬೆಳಗ್ಗೆ ಬಿಸಿಲು ಬಿತ್ತು. ನಾನು ಬ್ಯಾಡಗಿಗೆ ಓಡಿದೆ. ಕೋಡಿಯ ಕಲ್ಲಿನ ಮೇಲೆ ಎರಡು ಅಡಿ ನೀರು ಹರಿಯುತ್ತಿತ್ತು. ಬಯಲು ಇರಲಿಲ್ಲ, ಅಲ್ಲೊಂದು ಕೆರೆಯಿತ್ತು. ಕೆಂಪು ನೀರು ಸದ್ದಿಲ್ಲದೆ ಮಿನುಗುತ್ತ ನಿಂತಿತ್ತು. ಇಷ್ಟು ದೊಡ್ಡದೊಂದು ಇಷ್ಟು ಮೆತ್ತಗೆ ಬಂದು ಕೂತಿತ್ತು. ಅದರ ನಡುವೆ ಸೊಂಟದ ತನಕ ನೀರಿನಲ್ಲಿ ಒಬ್ಬ ಹೆಂಗಸು ನಿಂತಿದ್ದಳು.

“ಫಕ್ಕೀರವ್ವ! ಏನ್ ಮಾಡಾಕತ್ತಿ ಅಲ್ಲಿ?” ಎಂದು ಕೂಗಿದೆ.

“ನನ್ನ ಮನಿ ನೋಡಾಕ ಬಂದೇನ್ರಿ ಬಾಯಾರ” ಎಂದು ನಕ್ಕಳು. ಕೈಯಿಂದ ನೀರಿನ ಮೇಲೆ ಗೆರೆ ಎಳೆಯುತ್ತ ತೋರಿಸಿದಳು. “ಇದು ಪಡಸಾಲಿ. ಇಲ್ಲಿ ನೀರಿನ ಹಂಡೆ. ಈ ಮೂಲ್ಯಾಗ ಒಲಿ ಹಾಕಬೇಕಂತ ಮಾಡಿದ್ನಿ.” ಆಮೇಲೆ ಪಕ್ಕಕ್ಕೆ ನಾಲ್ಕು ಹೆಜ್ಜೆ ಸರಿದಳು, ನೀರು ಎದೆಗೆ ಬಂತು. ಅವಳ ನಗು ನಿಂತಿತು. “ಇಲ್ಲಿ ಶಾಂತವ್ವ ತೊಟ್ಟಿಲಾ ಕಟ್ಟತಿದ್ಲು.”

ನಾನು ದಂಡೆಯ ಮೇಲೆ ಕೂತು ಅತ್ತುಬಿಟ್ಟೆ. ಸರ್ಕಾರಿ ನೌಕರಿಯಲ್ಲಿ ಎಲ್ಲರೆದುರು ಅತ್ತದ್ದು ಅದೊಂದೇ ಸಲ. ನನ್ನಿಂದ ನಿನಗೊಂದು ಮನೆ ಕೊಡಿಸಲು ಆಗಲಿಲ್ಲವಲ್ಲ ಎಂದು ಏನೇನೋ ಹೇಳಿದೆ.

ಅವಳು ಸೀರೆ ಹಿಂಡುತ್ತ ಮೇಲೆ ಬಂದು ನನ್ನ ಪಕ್ಕದಲ್ಲಿ ಕೂತಳು. ನೀರಿನ ಆಚೆಗೆ ಗರಸಿನ ದಿಬ್ಬದ ಮೇಲೆ ಹೊಸ ಮನೆಗಳ ಸಾಲು. ಒಂದು ಮನೆಯಿಂದ ಹೊಗೆ ಏಳತೊಡಗಿತು. ಫಕ್ಕೀರವ್ವ ಕೈ ಅಡ್ಡ ಹಿಡಿದು ನೋಡಿದಳು.

“ಶಾಂತವ್ವ ಒಲಿ ಹಚ್ಯಾಳ ನೋಡ್ರಿ” ಎಂದು ನನ್ನ ರಟ್ಟೆ ಹಿಡಿದು ಎಬ್ಬಿಸಿದಳು. “ಏಳ್ರಿ, ಲಗೂ ಹೋಗೂಣು. ಆ ಕೂಸು ಸಾಲಿಗೆ ಹೊಂಡೂ ಹೊತ್ತಾತು.”